ಬಚ್ಚಲಿಗೊಂದು ಚಿಲಕ

ಅನುಮಾನ ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರೆಲ್ಲ ಸ್ವಂತ ಮನೆಯಲ್ಲಿರುವವರು ಎಂಬುದು ನನ್ನ ಅನುಮಾನ. ಬಾಡಿಗೆ ಮನೆಯಲ್ಲಿ ಬದುಕಿದವನಿಗೆ ಆ ಸೌಭಾಗ್ಯವಿಲ್ಲ. ಅದರ ಮೇಲೆ ನಾನು ಆಡಿಟ್ ವಿಭಾಗದ ಗುಮಾಸ್ತ. ಎದುರಿಗಿರುವ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಮನೆಗೆ ಬಂದ ಮೇಲೂ ನಾನು ಆ ಕೆಲಸ ಬಿಡುತ್ತಿರಲಿಲ್ಲವಾದ್ದರಿಂದ ನನ್ನ ಹೆಂಡತಿ ಸರೋಜ ನನಗೆ ‘ಸಂಶಯಪಿಶಾಚಿ’ ಎಂದು ಹೆಸರಿಟ್ಟಿದ್ದಳು.

ಆಗ ನಾವಿದ್ದದ್ದು ವಿಜಯನಗರಕ್ಕೆ ಅಂಟಿಕೊಂಡ ಹೊಸಹಳ್ಳಿಯಲ್ಲಿ. ಮನೆ ಮಾಲೀಕರು ಗಂಗಪ್ಪನವರು, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದವರು. ಮಹಡಿಯ ಮೇಲೆ ಅವರೂ ಅವರ ವಯಸ್ಸಾದ ತಾಯಿಯೂ. ಕೆಳಗೆ ನಾವು ಮತ್ತು ಪಕ್ಕದ ಮನೆಯವರು. ನಮ್ಮೆರಡು ಮನೆಗೂ ಸೇರಿ ಹಿತ್ತಲಲ್ಲಿ ಒಂದೇ ಬಚ್ಚಲುಮನೆ. ಅದಕ್ಕೆ ಬಾಗಿಲಿತ್ತು, ಚಿಲಕವಿರಲಿಲ್ಲ. ನೀವೇ ಒಂದು ತಂದು ಹಾಕಿಸಬಾರದಿತ್ತೆ ಎಂದು ಕೇಳಬೇಡಿ, ತಂದಿದ್ದೆ. ಚೌಕಟ್ಟನ್ನೆಲ್ಲ ಗೆದ್ದಲು ತಿಂದು, ಹೊಡೆದ ಮೊಳೆ ಹಿಟ್ಟಿನಿಂದ ಬಂದಂತೆ ಹೊರಗೆ ಬರುತ್ತಿತ್ತು. ಚೌಕಟ್ಟನ್ನೇ ಬದಲಾಯಿಸಬೇಕು, ಅದು ಮಾಲೀಕರ ಕೆಲಸ.

ಗಂಗಪ್ಪನವರನ್ನು ಯಾವಾಗ ಕೇಳಿದರೂ ಒಂದೇ ಉತ್ತರ: “ಮಾಡ್ಸಣ ಬಿಡಿ ಸಾರ್.” ಈ ‘ಮಾಡಿಸೋಣ’ ಎಂಬ ಮಾತನ್ನು ನಾನು ಆಡಿಟಿನ ಕಣ್ಣಿನಿಂದ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ‘ಮಾಡುತ್ತೇನೆ’ ಎಂದರೆ ಮಾಡುವವನೊಬ್ಬ ಸಿಗುತ್ತಾನೆ, ಕತ್ತಿನ ಪಟ್ಟಿ ಹಿಡಿಯಬಹುದು. ‘ಮಾಡಿಸುತ್ತೇನೆ’ ಎಂದರೆ ಮಾಡಿಸುವವನಾದರೂ ಸಿಗುತ್ತಾನೆ. ‘ಮಾಡಿಸೋಣ’ ಎಂದಾಗ ಮಾಡುವವನು ಯಾರೋ ಮೂರನೆಯವನು, ಮಾಡಿಸುವವರಲ್ಲಿ ನಾನೂ ಒಬ್ಬ! ಚಿಲಕ ಹಾಕಿಸದ ತಪ್ಪಿನಲ್ಲಿ ಅರ್ಧ ಪಾಲು ನನ್ನ ತಲೆಗೇ ಬಂತು. ಜೊತೆಗೆ ‘ಬಿಡಿ’ ಎಂಬ ಬಾಲ ಬೇರೆ. ಮಾಡಿಸುವುದೋ, ಬಿಡುವುದೋ? ಅದು ಎಮರ್ಜೆನ್ಸಿಯ ಕಾಲ. ರೈಲುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡುತ್ತಿವೆಯೆಂದು ರೇಡಿಯೋ ಹೇಳುತ್ತಿತ್ತು. ನಮ್ಮ ಚಿಲಕದ ವಿಷಯ ಡೆಲ್ಲಿಗೆ ಮುಟ್ಟಿರಲಿಲ್ಲ.

“ನಿಮ್ಮನ್ನ ಖಾಲಿ ಮಾಡ್ಸೋ ಪ್ಲಾನು ಕಣ್ರೀ ಇದು,” ಎಂದ ಆಫೀಸಿನ ಗೆಳೆಯ ನಂಜುಂಡಯ್ಯ.

“ಅಲ್ಲಯ್ಯಾ, ಮೊನ್ನೆ ತಾನೇ ಒಂದು ಮೊರ ಅವರೆಕಾಯಿ ಕಳ್ಸಿದ್ರು.”

“ನೋಡಿದ್ರಾ? ಅದೂ ಪ್ಲಾನೇ!”

ಆ ಸಂಜೆ ಅವರೆಕಾಳಿನ ಸಾರು ನನಗೆ ರುಚಿಸಲಿಲ್ಲ. ಎರಡನೆಯ ಸಲ ಬಡಿಸಿಕೊಂಡಾಗಲೂ ಅಷ್ಟೆ.

ಚಿಲಕವಿಲ್ಲದ ಬಚ್ಚಲಿನಲ್ಲಿ ಮಾನ ಕಾಪಾಡಿಕೊಳ್ಳುವುದು ಹೇಗೆ? ಮೊದಮೊದಲು, ಒಳಗಿದ್ದೇನೆ ಎಂದು ತಿಳಿಸಲು ನಾನು ಕೆಮ್ಮುತ್ತಿದ್ದೆ. ಪಕ್ಕದ ಮನೆಯಾಕೆ ನನಗೆ ಕ್ಷಯವೆಂದು ಗುಮಾನಿಪಟ್ಟು ಮಕ್ಕಳನ್ನು ನಮ್ಮ ಮನೆಗೆ ಕಳಿಸುವುದನ್ನೇ ನಿಲ್ಲಿಸಿದರು. ಆಮೇಲೆ, ಒಳಗೆ ಹೋದವರು ಹೊರಬರುವವರೆಗೆ ಏನಾದರೂ ಹಾಡುತ್ತಿರಬೇಕೆಂದು ಎರಡು ಮನೆಗೂ ಒಪ್ಪಂದವಾಯಿತು. ಹಾಡು ನನ್ನ ಜಾಯಮಾನದಲ್ಲಿಲ್ಲ; ನಾನು ಮೆಲ್ಲಗೆ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಸರೋಜ ದೇವರನಾಮ ಹಾಡುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವಳು ಬಾಯಿಬಿಟ್ಟು ಹಾಡಿದ್ದನ್ನು ನಾನು ಕೇಳಿದ್ದು ಅಲ್ಲಿಯೇ. ಬೆಳಗಿನ ಕಾಫಿ ಹಿಡಿದುಕೊಂಡು ಹಿತ್ತಲಿಗೆ ಬಂದು ನಿಲ್ಲುತ್ತಿದ್ದೆ. ಕಾವಲಿಗೆ ಎಂದು ನಾನು ಹೇಳಿದರೂ ನಿಜ ಅದಲ್ಲ, ಹಾಡು ಚೆನ್ನಾಗಿರುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ನಿಂತವನು ತಲೆಯೆತ್ತಿ ನೋಡುತ್ತೇನೆ, ಮಹಡಿಯ ಅಡುಗೆಮನೆಯ ಕಿಟಕಿಯಲ್ಲಿ ಗಂಗಪ್ಪನವರ ತಾಯಿ ಅಕ್ಕಿ ಆರಿಸುತ್ತಾ ಕೂತಿದ್ದಾರೆ. ಕೈ ಮೊರದಲ್ಲಿ, ಕಿವಿ ಬಚ್ಚಲಲ್ಲಿ. ಮರುದಿನವೂ ಅಲ್ಲೇ. ಅದರ ಮರುದಿನ ಅವರ ಬೆನ್ನ ಹಿಂದೆ ಗಂಗಪ್ಪನವರೂ ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ನನಗೆ ಥಟ್ಟನೆ ಹೊಳೆಯಿತು. ಓಹೋ, ಇದಾ ಸಮಾಚಾರ! ಚಿಲಕ ಬಂದರೆ ಹಾಡು ನಿಲ್ಲುತ್ತದೆ. ಅದಕ್ಕೇ ಈ ‘ಮಾಡ್ಸಣ’. ಸರೋಜಳಿಗೆ ಹೇಳಿದರೆ, “ನಿಮ್ಗೆ ಬೇರೆ ಕೆಲ್ಸ ಇಲ್ವಾ? ಪಾಪ, ವಯಸ್ಸಾದೋರು ಕೇಳ್ಲಿ ಬಿಡಿ,” ಎಂದುಬಿಟ್ಟಳು.

ಮುಂದಿನ ತಿಂಗಳು ಅವಳು ತಂಗಿಯ ಬಾಣಂತನಕ್ಕೆಂದು ತುಮಕೂರಿಗೆ ಹೋದಳು. ಇದೇ ಸಮಯವೆಂದು ನಾನು ಮಗ್ಗಿ ಬಿಟ್ಟು ಹಾಡಿಗೆ ಇಳಿದೆ. ಸರೋಜ ಹಾಡುತ್ತಿದ್ದ ದೇವರನಾಮವನ್ನೇ, ನನಗೆ ತಿಳಿದ ರಾಗದಲ್ಲಿ, ಬೆಳಕಿಂಡಿಯ ಕಡೆ ಮುಖ ಮಾಡಿ ಹಾಡಿದೆ. ಮೊದಲ ದಿನ ಮೇಲಿನ ಕಿಟಕಿ ಮುಚ್ಚಿಕೊಂಡಿತು. ನಾನು ಸ್ವರ ಏರಿಸಿದೆ. ಎದುರು ಮನೆಯ ನಾಯಿ ಜೊತೆಗೂಡಿತು.

ವಾರ ತುಂಬುವಷ್ಟರಲ್ಲಿ ಗಂಗಪ್ಪನವರು ಹೊಸ ಚೌಕಟ್ಟಿನೊಂದಿಗೆ ಬಡಗಿಯನ್ನು ಕರೆದುಕೊಂಡು ಬಂದರು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಚಿಲಕವನ್ನು ತಾವೇ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಿ, ಕೈಮುಗಿಯುವವರ ಹಾಗೆ ಹೇಳಿದರು: “ಇನ್ ಮೇಲೆ ಸುಮ್ನೆ ಸ್ನಾನ ಮಾಡ್ಬೋದು ಸಾರ್. ಸುಮ್ನೆ.”

ಸರೋಜ ವಾಪಸು ಬಂದಾಗ, ಮಾಲೀಕರನ್ನು ಹೇಗೆ ಬಗ್ಗಿಸಿದೆನೆಂದು ಬೀಗಿಕೊಂಡೇ ಹೇಳಿದೆ. ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಲ್ಲಿ ನಿಂತೆ. ಚಿಲಕ ಬಿದ್ದ ಸದ್ದು, ನೀರಿನ ಸದ್ದು, ಅಷ್ಟೆ. ಮಹಡಿಯ ಕಿಟಕಿ ತೆರೆಯಿತು. “ಯಾಕವ್ವಾ, ಗಂಟ್ಲು ಸರಿ ಇಲ್ವಾ?” ಎಂದರು ಅಜ್ಜಿ.

“ಈಗ ಚಿಲಕ ಇದೆಯಲ್ಲ ಅಜ್ಜೀ!” ಒಳಗಿನಿಂದ ಉತ್ತರ ಬಂತು.

ಮನೆಯೊಳಗಾದರೂ ಹಾಡು ಎಂದು ನಾನು ಅವಳನ್ನು ಕೇಳಿಕೊಂಡೆ. “ಸಾರು ಕುದೀತಾ ಇರೋವಾಗ ಯಾರಾದ್ರೂ ಹಾಡ್ತಾರೇನ್ರೀ?” ಎಂದು ನಕ್ಕಳು. ಕಾಫಿ ಕೂಡ ಸಪ್ಪಗಾಯಿತು. ಕಡೆಗೊಂದು ಭಾನುವಾರ ನಾಚಿಕೆ ಬಿಟ್ಟು ಮಹಡಿ ಹತ್ತಿದೆ.

“ಗಂಗಪ್ಪನವರೇ, ಆ ಬಚ್ಚಲಿನ ಚಿಲಕ... ಸ್ವಲ್ಪ ತೆಗೆಸಿಬಿಡ್ತೀರಾ?”

ಅವರು ಮೊದಲ ಬಾರಿಗೆ ನನ್ನನ್ನು ಅನುಮಾನದಿಂದ ನೋಡಿದರು. “ಯಾರು ಹಾಡೋಕೆ ಸಾರ್?”

“ನಾನಲ್ಲ. ನಮ್ಮನೆಯವರು.”

ಅವರ ಮುಖ ಅರಳಿತು. ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಕೈ ನಿಂತಿತು.

“ಅದಕ್ಕೇನಂತೆ? ಮಾಡ್ಸಣ ಬಿಡಿ ಸಾರ್,” ಎಂದರು.

ನಾವು ಆ ಮನೆ ಬಿಡುವವರೆಗೂ ಚಿಲಕ ಭದ್ರವಾಗಿಯೇ ಇತ್ತು.