ಹದ್ದು ಮೇಷ್ಟ್ರು ಜೂಡೋ ಕಲಿಯಹೋದದ್ದು

"ನನ್ನ ಕಣ್ಣು ತಪ್ಪಿಸಿ ಈ ಭೂಮಿ ಮೇಲೆ ಏನೂ ನಡೆಯೋಕೆ ಸಾಧ್ಯವಿಲ್ಲ!" ಎಂದು ಗಣಿತದ ಮೇಷ್ಟ್ರು ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಘೋಷಿಸಿದರು.

ಮಾತು ಪೂರಾ ಸುಳ್ಳೇನಲ್ಲ. ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತೆಂಟು ವರ್ಷ ಕಾವಲು ನಿಂತವರು ಅವರು. ತೋಳಿನ ಮಡಿಕೆಯಲ್ಲಿ, ಕಾಲುಚೀಲದಲ್ಲಿ, ಒಮ್ಮೆಯಂತೂ ಒಬ್ಬನ ಬ್ಯಾಂಡೇಜಿನೊಳಗೆ ಚೀಟಿ ಹಿಡಿದವರು. ಮಕ್ಕಳು ಅವರಿಗೆ 'ಹದ್ದು' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಮೇಷ್ಟ್ರು ಸಿಟ್ಟಾಗಲಿಲ್ಲ, ಬಿರುದು ಸಿಕ್ಕಂತೆ ಬೀಗಿದರು.

ಇಂಥವರ ಮನೆಯಲ್ಲೇ ಈಗ ಏನೋ ನಡೆಯುತ್ತಿತ್ತು! ಹೆಂಡತಿ ಒಂದು ವರ್ಷದಿಂದ ವಾರಕ್ಕೆ ಮೂರು ಸಂಜೆ ಜೂಡೋ ಕಲಿಯಲು ಹೋಗುತ್ತಿದ್ದಳು. ಹಾಗೆಂದು ಅವಳು ಹೇಳುತ್ತಿದ್ದಳು. ಬರುವಾಗ ಮೊಣಕೈ ನೀಲಿಗಟ್ಟಿರುತ್ತಿತ್ತು, ಬಾಯಲ್ಲಿ ಹಾಡಿರುತ್ತಿತ್ತು. ಪೆಟ್ಟು ತಿಂದವರು ಯಾರಾದರೂ ಹಾಡುತ್ತಾರೆಯೇ?

"ಇವತ್ತು ನಾನೂ ಸೇರ್ತೀನಿ" ಎಂದರು ಮೇಷ್ಟ್ರು.

"ಜೂಡೋಗಾ, ಪತ್ತೇದಾರಿಕೆಗಾ?"

"ಆರೋಗ್ಯಕ್ಕೆ!"

"ಬನ್ನಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ಪಟ್ಟು ಕಲಿಯೋದಕ್ಕಿಂತ ಮೊದಲು ಮರ್ಯಾದೆ. ಚಪ್ಪಲಿ ಯಾವ ಕಡೆ ತಿರುಗಿಸಿ ಬಿಡಬೇಕು, ಯಾವಾಗ ಬಗ್ಗಬೇಕು, ಯಾರ ಪಕ್ಕ ಕೂರಬೇಕು, ಎಲ್ಲಕ್ಕೂ ಕ್ರಮ ಇದೆ. ಒಂದು ಹಾಳೇಲಿ ಬರೆದುಕೊಡ್ತೀನಿ, ಓದ್ಕೊಂಡು ಬನ್ನಿ."

"ಏನು? ಚೀಟಿ? ನನಗೆ?"

"ರೀ, ಹುಡುಗಾಟ ಬೇಡ. ನಮ್ಮ ಸೆನ್ಸೇ, ಅದೇ ನಮ್ಮ ಗುರುಗಳು, ಹೊಸಬರನ್ನ ತಿದ್ದೋ ಕೆಲಸ ಯಾರಿಗೆ ಅಂತ ಇವತ್ತು ಹೇಳ್ತಾರೆ. ಅದಕ್ಕೋಸ್ಕರ ವರ್ಷದಿಂದ ಕಾಯ್ತಿದೀನಿ. ಅಲ್ಲಿ ಬಂದು ನನ್ನ ಮಾನ ಕಳೆದ್ರೋ..."

ಮುಂದಿನದನ್ನು ಅವಳು ಬಾಯಲ್ಲಿ ಹೇಳಲಿಲ್ಲ. ಒಗೆಯಬೇಕಿದ್ದ ಬಟ್ಟೆಯ ಗಂಟನ್ನು ಹೆಗಲ ಮೇಲಿಂದ ಎತ್ತಿ ನೆಲಕ್ಕೆ ಅಪ್ಪಳಿಸಿ ತೋರಿಸಿದಳು.

ಸಂಜೆ ಅವಳು ಚಾಪೆ ಹಾಸಲೆಂದು ಮುಂಚೆಯೇ ಹೋದಳು. ಮೇಷ್ಟ್ರು ಹಿಂದಿನಿಂದ ಹೊರಟು ಸೈಕಲ್ ಅಂಗಡಿಯ ಮೇಲಿದ್ದ ಜೂಡೋ ಹಾಲಿನ ಬಾಗಿಲಿಗೆ ಬಂದು ನಿಂತರು. ನಿಂತವರೇ ಬೆಚ್ಚಿದರು. ಸಾಲಾಗಿ ಬಿಟ್ಟಿದ್ದ ಚಪ್ಪಲಿ, ಬೂಟುಗಳೆಲ್ಲ ಬೀದಿಯ ಕಡೆ ಮುಖ ಮಾಡಿದ್ದವು! ಒಂದೇ ನೆಗೆತಕ್ಕೆ ಕಾಲಿಗೆ ಸಿಕ್ಕಿಸಿಕೊಂಡು ಓಡಿಹೋಗಲು ಅನುಕೂಲವಾಗುವಂತೆ! ಒಳಗೆ ಅಂಥದ್ದೇನು ನಡೆಯುತ್ತದೆ?

ಒಳಗೆ ಯಾರೋ ಅವರಿಗೆ ಎರವಲು ಅಂಗಿಯೊಂದನ್ನು ಕೊಟ್ಟರು. ಅದರಲ್ಲಿ ಇನ್ನೊಬ್ಬ ಮೇಷ್ಟ್ರಿಗೂ ಜಾಗವಿತ್ತು. ಜೊತೆಗೆ ಸೊಂಟಕ್ಕೆ ಕಟ್ಟಲು ಒಂದು ಬಿಳಿಯ ಪಟ್ಟಿ. ಅದನ್ನು ಎಷ್ಟು ಸುತ್ತು ಸುತ್ತಬೇಕು? ಗಂಟು ಮುಂದೋ, ಪಕ್ಕಕ್ಕೋ? ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳುವುದೆಂದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ! ದೂರದ ತುದಿಯಲ್ಲಿ ಕೂತಿದ್ದ ಹೆಂಡತಿ ಗುರುತಿಲ್ಲದವಳಂತೆ ಗದ್ದದಲ್ಲೇ ಈಚೆ ತುದಿ ತೋರಿಸಿದಳು.

ಈಚೆ ತುದಿಯಲ್ಲಿ ದಪ್ಪ ಮೀಸೆಯ ಒಬ್ಬ ಧಡೂತಿ ಆಸಾಮಿ ಮಂಡಿಯೂರಿ ಕೂತಿದ್ದ. ಕಲ್ಲಿನಂಥ ಮುಖ. ಪಟ್ಟಿಯನ್ನು ಹಾಸಿಗೆ ಸುತ್ತಿ ಕಟ್ಟುವಂತೆ ಬಿಗಿದು ಎಡಪಕ್ಕೆಗೆ ಗಂಟು ಹಾಕಿದ್ದ. ಇಷ್ಟು ಗಂಭೀರವಾಗಿ ಬೆವರುವವನು ಹಳಬನೇ ಇರಬೇಕೆಂದು ಮೇಷ್ಟ್ರ ಹದ್ದಿನ ಕಣ್ಣು ತೀರ್ಪು ಕೊಟ್ಟಿತು. ತಾವೂ ಎಡಪಕ್ಕೆಗೆ ಗಂಟು ಬಿಗಿದು ಪಕ್ಕದಲ್ಲಿ ಮಂಡಿಯೂರಿದರು.

ಸೆನ್ಸೇ ಬಂದರು. ಬೆಳ್ಳನೆಯ ಕೂದಲಿನ, ಗುಬ್ಬಚ್ಚಿಯಂಥ ಮುದುಕಿ. ಎಲ್ಲರೂ ಬಗ್ಗಿದರು. ಮೇಷ್ಟ್ರು ಕಣ್ಣಂಚಿನಲ್ಲಿ ಮೀಸೆಯನ್ನು ನೋಡುತ್ತ ಬಗ್ಗಿದರು, ನೋಡುತ್ತ ಎದ್ದರು. ಮೀಸೆ ಮೂಗು ತುರಿಸಿಕೊಂಡ. ಇದು ಕ್ರಮದಲ್ಲಿದೆಯೋ ಇಲ್ಲವೋ! ಇರಲಿ ಎಂದು ಮೇಷ್ಟ್ರೂ ಮೂಗು ತುರಿಸಿಕೊಂಡರು. ಮೀಸೆ ಅನುಮಾನದಿಂದ ಇನ್ನೊಂದು ಸಲ ತುರಿಸಿಕೊಂಡ. ಮೇಷ್ಟ್ರೂ ಬಿಡಲಿಲ್ಲ.

ಆಮೇಲೆ ಮೀಸೆ ಕೊಂಚ ಮುಂದಕ್ಕೆ ವಾಲಿದ. ಮೇಷ್ಟ್ರು ತಡಮಾಡದೆ ಹಣೆ ಚಾಪೆಗೆ ತಾಗುವಷ್ಟು ಬಗ್ಗಿದರು. ಅದನ್ನು ಕಂಡು ಮೀಸೆ ಗಾಬರಿಯಿಂದ ಅದಕ್ಕಿಂತ ಆಳವಾಗಿ ಬಗ್ಗಿದ. ಅವನು ಎದ್ದಾಗ ಇವರು, ಇವರು ಎದ್ದಾಗ ಅವನು! ಇಡೀ ಹಾಲು ಬೊಂಬೆಯಂತೆ ಕೂತಿದೆ, ಈ ತುದಿಯಲ್ಲಿ ಮಾತ್ರ ಇಬ್ಬರು ನೀರೆತ್ತುವ ಯಂತ್ರದಂತೆ ಏಳುತ್ತಿದ್ದಾರೆ, ಬೀಳುತ್ತಿದ್ದಾರೆ! ಏಳನೆಯ ಸಲಕ್ಕೆ ಮೀಸೆಯ ಕಾಲು ಜೋಮು ಹಿಡಿದು ಅವನು "ಅಯ್ಯಪ್ಪಾ!" ಎಂದು ಪಕ್ಕಕ್ಕೆ ಉರುಳಿದ. ಇಷ್ಟು ಬೇಗ ಬೀಳುವ ಪಾಠ ಶುರುವಾಯಿತೇ ಎಂದುಕೊಂಡ ಮೇಷ್ಟ್ರು "ಅಯ್ಯಪ್ಪಾ!" ಎಂದು ಅದಕ್ಕಿಂತ ಜೋರಾಗಿ ಕೂಗಿ ಅವನ ಮೇಲೆಯೇ ಉರುಳಿದರು.

ದೂರದ ತುದಿಯಲ್ಲಿ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು.

"ಇದೇನು ಮಾಡ್ತಿದೀರಿ?" ಮುದುಕಿ ಮೆಲ್ಲಗೆ ಕೇಳಿದರು.

ಮೇಷ್ಟ್ರು ಬಿದ್ದಲ್ಲಿಂದಲೇ ಬೆರಳೆತ್ತಿ ತೋರಿಸಿದರು. "ಇವ್ರನ್ನ ನೋಡ್ಕೊಂಡು ಮಾಡ್ದೆ! ಹಳಬರು ಅಂತ..."

"ಅಯ್ಯೋ, ನಾನು ಸೇರಿದ್ದೇ ಇವತ್ತು ಸಾರ್!" ಮೀಸೆ ಅಡಿಯಿಂದ ನರಳಿದ. "ನೀವು ಅಷ್ಟೊಂದು ಶ್ರದ್ಧೆಯಿಂದ ಬಗ್ತಿದ್ರಿ. ಗೊತ್ತಿರೋರು ಅಂತ ನಾನು ನಿಮ್ಮನ್ನ ನೋಡ್ಕೊಂಡು ಮಾಡ್ತಿದ್ದೆ!"

"ಈ ತುದೀಲಿ ಕೂರೋರೆಲ್ಲ ಹೊಸಬರೇ. ನಿಮಗ್ಯಾರೂ ಹೇಳ್ಲಿಲ್ವಾ?" ಎಂದರು ಸೆನ್ಸೇ.

ಮೇಷ್ಟ್ರು ಎಡಪಕ್ಕೆಯ ಗಂಟನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಹೇಳಿದ್ದೆ ಸೆನ್ಸೇ" ಎಂಬ ದನಿ ದೂರದ ತುದಿಯಿಂದ ಬಂತು. ಹೆಂಡತಿ ಎದ್ದು ನಿಂತಿದ್ದಳು, ಮುಖ ಕೆಂಪಾಗಿತ್ತು. "ಬರೆದುಕೊಡ್ತೀನಿ ಅಂದೆ, ಬೇಡ ಅಂದ್ರು. ನಮ್ಮ ಮನೆಯವರು."

ಸೆನ್ಸೇ ಅವಳನ್ನು ನೋಡಿದರು, ಬಿದ್ದವರಿಬ್ಬರನ್ನು ನೋಡಿದರು.

"ಇಂಥವರ ಜೊತೆ ಎಷ್ಟು ವರ್ಷದಿಂದ ಇದೀಯಮ್ಮಾ?"

"ಇಪ್ಪತ್ತಮೂರು ವರ್ಷ, ಸೆನ್ಸೇ."

"ಅಷ್ಟು ತಾಳ್ಮೆ ಇಲ್ಲಿ ಬೇರೆ ಯಾರಿಗೂ ಇಲ್ಲ. ಇವತ್ತಿಂದ ಹೊಸಬರ ಜವಾಬ್ದಾರಿ ನಿನ್ನದೇ."

ಹೆಂಡತಿ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸದ್ದಿಲ್ಲದ ಹೆಜ್ಜೆಯಲ್ಲಿ ಈಚೆ ತುದಿಗೆ ಬಂದು ಮೇಷ್ಟ್ರ ಬೆನ್ನ ಹಿಂದೆ ನಿಂತಳು.

"ಇಬ್ರೂ ಎದ್ದು ದೂರ ದೂರ ಕೂತ್ಕೊಳ್ಳಿ" ಎಂದಳು. "ಇನ್ನೊಂದು ಸಲ ಪಕ್ಕಕ್ಕೆ ನೋಡಿದ್ರೆ ಹೊರಗೆ ಕಳಿಸ್ತೀನಿ!"