ಸೋದರಮಾವನನ್ನು ನುಂಗಿದ ಲ್ಯಾಪ್‌ಟಾಪ್

ಸಹಾಯವಾಣಿಯಲ್ಲಿ ಹಗಲಿರುಳೆನ್ನದೆ ಮಾತನಾಡುವ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲ್ಲೂಕಿನ ಉಮದಿಯಲ್ಲಿ, ಹಿಟ್ಟಿನ ಗಿರಣಿಯ ಮಗ್ಗುಲಿಗೆ, ತಗಡಿನ ಛಾವಣಿಯ ಕೆಳಗೆ ಕೂತು ಕನ್ನಡ, ಮರಾಠಿ ಎರಡರಲ್ಲೂ ಲಗ್ನಪತ್ರಿಕೆ, ಬ್ಯಾನರ್ ಮಾಡಿಕೊಡುವ ಶಿವಪುತ್ರ ಎಂಬ ನಾನು ತಮಗೆ ಕೈಮುಗಿಯುತ್ತೇನೆ. ತಮಗೆ ಕೈಗಳಿಲ್ಲದ ಕಾರಣ ತಿರುಗಿ ಮುಗಿಯುವ ತೊಂದರೆ ತೆಗೆದುಕೊಳ್ಳಬಾರದೆಂದು ವಿನಂತಿ. ಪತ್ರ ಕೈಬರಹದಲ್ಲಿರುವುದನ್ನು ಮನ್ನಿಸಬೇಕು. ತಮ್ಮ ಕಂಪನಿಯ ಲ್ಯಾಪ್‌ಟಾಪ್ ಸದ್ಯ ನೀರಿನ ಮಡಕೆಗೆ ಒರಗಿ ವಿಶ್ರಾಂತಿ ಪಡೆಯುತ್ತಿದೆ.

ಮೊದಲಿಗೆ ಉಪಕಾರ ಸ್ಮರಣೆ. ತಮ್ಮ ಲ್ಯಾಪ್‌ಟಾಪ್ ಬಿಸಿಯಾಗುತ್ತದೆಂದು ದೂರುವವರು ಕೃತಘ್ನರು. ಕಳೆದ ಚಳಿಗಾಲದಲ್ಲಿ ಹಾಲು ಹೆಪ್ಪುಗಟ್ಟದೆ ಇಡೀ ಓಣಿ ಒದ್ದಾಡುತ್ತಿದ್ದಾಗ, ನನ್ನ ಹೆಂಡತಿ ಸಂಗವ್ವ ಪಾತ್ರೆಯನ್ನು ಅದರ ಗಾಳಿಯ ಕಿಂಡಿಯ ಎದುರಿಗಿಟ್ಟು ಗಟ್ಟಿ ಮೊಸರು ತೆಗೆದಳು. ಚಾರ್ಜರಿನ ಮಹಿಮೆ ಇನ್ನೂ ದೊಡ್ಡದು. ಅದರ ಪಿನ್ನನ್ನು ತುಸು ಮೇಲಕ್ಕೆತ್ತಿ, ಎಡಕ್ಕೆ ಹೊರಳಿಸಿ, ಉಸಿರು ಬಿಗಿಹಿಡಿದು ಕೂತರೆ ಮಾತ್ರ ದೀಪ ಹತ್ತುತ್ತದೆ. ಬ್ಯಾಟರಿ ಎಂದೋ ಕಣ್ಣುಮುಚ್ಚಿರುವುದರಿಂದ ಪಿನ್ನು ಕೂದಲೆಳೆಯಷ್ಟು ಕದಲಿದರೂ ಪರದೆ ಆರುತ್ತದೆ. ಪ್ರಾಣಾಯಾಮ ಕಲಿಯಲು ಜನ ಎಲ್ಲೆಲ್ಲಿಗೋ ಹೋಗುತ್ತಾರೆ, ನನಗೆ ತಾವು ಅಂಗಡಿಯಲ್ಲೇ ಕಲಿಸಿದಿರಿ.

ಈ ಕುರಿತು ತಮಗೆ ಫೋನು ಮಾಡಿ, ಕನ್ನಡಕ್ಕೆ ಯಾವ ಗುಂಡಿಯೂ ಇಲ್ಲದ್ದರಿಂದ ಮರಾಠಿಯ ಗುಂಡಿ ಒತ್ತಿದಾಗ, ತಾವು ಜೇನಿನಂಥ ದನಿಯಲ್ಲಿ ಉಪದೇಶ ಮಾಡಿದಿರಿ. ಹಾಸಿಗೆಯ ಮೇಲಿಡದೆ ಗಟ್ಟಿ ಜಾಗದಲ್ಲಿಡಿ ಎಂದಿರಿ. ಶಹಾಬಾದ್ ಕಲ್ಲಿನ ಮೇಲಿಟ್ಟೆ, ಕಲ್ಲೂ ಕಾಯಿತು. ಕಿಂಡಿಗಳ ಧೂಳು ತೆಗೆಯಿರಿ ಎಂದಿರಿ. ಊದಿದರೆ ಪಕ್ಕದ ಗಿರಣಿಯ ಜೋಳದ ಹಿಟ್ಟು ಒಂದು ರೊಟ್ಟಿಗಾಗುವಷ್ಟು ಹೊರಬಿತ್ತು, ಒಳಗಿನ ಫ್ಯಾನು ಹೊಸ ಹುರುಪಿನಿಂದ ಬಿಸಿಗಾಳಿ ಉಗುಳಿತು. ಆಫ್ ಮಾಡಿ, ಚಾರ್ಜರ್ ಕಿತ್ತು, ಬಟನ್ ಒತ್ತಿ ಹಿಡಿದು ಕಾದು, ಮತ್ತೆ ಆನ್ ಮಾಡಿ ಎಂದಿರಿ. ನಾನು ಕಣ್ಣುಮುಚ್ಚಿ ಹಿಡಿದು ಕೂತದ್ದನ್ನು ನೋಡಿ ಗಿರಾಕಿಗಳು ಚಪ್ಪಲಿ ಬಿಟ್ಟು ಒಳಗೆ ಬಂದರು. ಅಸಲಿ ಚಾರ್ಜರನ್ನೇ ಬಳಸಿ ಎಂದಿರಿ. ಕೆಟ್ಟಿರುವುದೇ ಅಸಲಿ ಎಂದು ನಾನು ಹೇಳುವಷ್ಟರಲ್ಲಿ ತಾವು ಬೇರೊಬ್ಬರ ಉದ್ಧಾರಕ್ಕೆ ತೆರಳಿದ್ದಿರಿ. ಇನ್ನು ತಂಪಾದ ಕೋಣೆಯಲ್ಲಿ ಬಳಸಿ ಎಂದಿದ್ದಿರಿ. ಬೇಸಿಗೆಯ ಉಮದಿಯಲ್ಲಿ ಅಂಥ ಕೋಣೆಯ ವಿಳಾಸ ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ದನಕರುಗಳ ಸಮೇತ ನಾವೆಲ್ಲ ಅಲ್ಲಿಗೇ ಬರುತ್ತೇವೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಈಗ ನನ್ನ ಮಗಳು ಸೃಷ್ಟಿಯ ಲಗ್ನ ಹತ್ತಿರ ಬಂದಿದೆ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮುತ್ತಜ್ಜನಿಂದ ತೊಟ್ಟಿಲ ಕೂಸಿನವರೆಗೆ ಇಡೀ ಬಳಗದ ಹೆಸರು ಅಚ್ಚಾಗಬೇಕು. ಬಿಟ್ಟುಹೋದವರು ಊಟಕ್ಕೂ ಬರುವುದಿಲ್ಲ, ಮುಂದೆ ಮಾತಿಗೂ ಸಿಗುವುದಿಲ್ಲ. ಅದರಲ್ಲೂ ಹುಡುಗಿಯ ಸೋದರಮಾವನ ಹೆಸರು ದಪ್ಪ ಅಕ್ಷರದಲ್ಲಿರಬೇಕು, ಏಕೆಂದರೆ ಅಕ್ಷತೆ, ಅಂದರೆ ನಮ್ಮ ಕಡೆಯ ಅಕ್ಕಿಕಾಳು, ಬೀಳುವಾಗ ಅವಳ ಬೆನ್ನಿಗೆ ನಿಲ್ಲುವವನು ಅವನೇ. ನಮ್ಮ ಧಂದೆಯ ರೂಢಿಯಂತೆ, ಹಿಂದೆ ಬೆಳುಂಕಿ ಊರಿನ ಒಂದು ಮನೆಯವರಿಗೆ ಮಾಡಿಕೊಟ್ಟಿದ್ದ ಪತ್ರಿಕೆಯನ್ನೇ ತೆರೆದು, ಅವರ ಒಂದೊಂದು ಹೆಸರನ್ನು ಅಳಿಸಿ ನಮ್ಮವರದನ್ನು ತುಂಬುತ್ತ ಬಂದೆ. ಕಟ್ಟಕಡೆಗೆ ಅವರ ಸೋದರಮಾವ ರೇವಣ್ಣನನ್ನು ಎಬ್ಬಿಸಿ, ಆ ಜಾಗದಲ್ಲಿ ನನ್ನ ಹೆಂಡತಿಯ ಅಣ್ಣ, ಡಫಳಾಪುರದ ಭರಮಣ್ಣನವರನ್ನು ಕೂರಿಸಿದೆನೋ ಇಲ್ಲವೋ, ರೊಟ್ಟಿಯ ಹೆಂಚಿನಂತೆ ಕಾದಿದ್ದ ಲ್ಯಾಪ್‌ಟಾಪು ಕೈ ಸುಟ್ಟಿತು, ನಾನು ಕೈ ಎಳೆದುಕೊಂಡ ರಭಸಕ್ಕೆ ಪಿನ್ನು ಕದಲಿತು, ಆ ಕೊನೆಯ ಹೆಸರು ಸೇವ್ ಆಗುವ ಮೊದಲೇ ಪರದೆ ಆರಿತು. ಮತ್ತೆ ಹಚ್ಚಿದಾಗ ಮೇಲಿನ ಹೆಸರುಗಳೆಲ್ಲ ಸರಿಯಾಗಿ ಕಂಡದ್ದರಿಂದ, ಮತ್ತೊಮ್ಮೆ ಆರುವ ಮೊದಲೇ ಎಂದು ಅವಸರದಲ್ಲಿ ಛಾಪಖಾನೆಗೆ ಕಳುಹಿಸಿದೆ. ಪತ್ರಿಕೆಗಳು ಊರೂರು ಮುಟ್ಟಿದ ಮೇಲೆ ನೋಡಿದರೆ, ಕೊನೆಯ ಸಾಲಿನಲ್ಲಿ ರೇವಣ್ಣ ಹಾಗೆಯೇ ದಪ್ಪ ಅಕ್ಷರದಲ್ಲಿ ಕೂತಿದ್ದಾನೆ.

ಭರಮಣ್ಣನವರು ಪತ್ರಿಕೆಯನ್ನು ಬಸ್ಸಿನಲ್ಲಿ ವಾಪಸು ಕಳುಹಿಸಿ, “ನಿಮ್ಮ ಸೋದರಮಾವ ಬೆಳುಂಕ್ಯಾಗ ಅದಾನ, ಅವನ್ನ ಕರಕೊಳ್ರಿ” ಎಂದು ಹೇಳಿಕಳುಹಿಸಿದರು. ಸಂಗವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಹೇಳುವುದಿದ್ದರೆ ನನ್ನೆದುರಿಗೇ ಮಗಳಿಗೆ, “ಸೃಷ್ಟಿ, ನಿಮ್ಮಪ್ಪಗ ಉಣ್ಣಾಕ ಏಳು ಅನ್ನು, ಬೆಳುಂಕ್ಯಾಗ ಭಾವ ಸಿಕ್ಕ ಖುಷಿಗೆ ಹೊಟ್ಟಿ ತುಂಬಿದ್ರ ಬ್ಯಾಡ” ಎನ್ನುತ್ತಾಳೆ. ಅದನ್ನೂ ನುಂಗಿಕೊಂಡೆ. ಆದರೆ ಭರಮಣ್ಣನವರ ಹೆಗಲ ಮೇಲೆ ಕೂತೇ ಬೆಳೆದ ಮಗಳು, “ಮಾಮಾ ಬೆನ್ನಿಗೆ ನಿಂದ್ರಲಿಲ್ಲಂದ್ರ ನಾ ಅಕ್ಕಿಕಾಳಿಗೆ ನಿಂದ್ರೂದಿಲ್ಲಪ್ಪಾ” ಎಂದು ಮುಖ ತಿರುಗಿಸಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸಾಲದ್ದಕ್ಕೆ ಬೆಳುಂಕಿಯ ರೇವಣ್ಣನೇ ಆಯೇರಿಗೆಂದು ಸೀರೆ, ಕುಪ್ಪಸದ ಬಟ್ಟೆ ಹಿಡಿದು ಬಾಗಿಲಿಗೆ ಬಂದ. “ಹೆಸರ ಹಾಕೀರಿ, ಬರಲಾರದ ಹ್ಯಾಂಗ ಇರೂದ್ರಿ? ಎಲ್ಲಿ ಅದಾಳ ನನ್ನ ಸೊಸಿ?” ಎಂದು ಕೇಳಿದ. ಭಾಳ ಚಲೋ ಮನುಷ್ಯ. ತಪ್ಪಾಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಚಹಾ ಕುಡಿಸಿ ಕಳುಹಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಮ್ಮ ಲ್ಯಾಪ್‌ಟಾಪ್ ನುಂಗಿದ ಸೋದರಮಾವನ ಬದಲಿಗೆ ಕಂಪನಿಯ ವತಿಯಿಂದ ಒಬ್ಬ ಹೊಸ ಸೋದರಮಾವನನ್ನು ವಾರಂಟಿ ಸಮೇತ ಲಗೂನ ಕಳುಹಿಸಿಕೊಡಬೇಕು. ಅವನು ಸೃಷ್ಟಿಗೆ ಸೈಕಲ್ಲು ಕಲಿಸಿದವನಾಗಿರಬೇಕು, ಅವಳು ಬಿದ್ದಾಗ ತಾನೇ ಅತ್ತವನಾಗಿರಬೇಕು. ಬಿಸಿಲಿನ ಪೆಂಡಾಲಿನಲ್ಲಿ ಮಂಗಳಾಷ್ಟಕ ಮುಗಿಯುವವರೆಗೆ ಬಿಸಿಯಾಗಬಾರದು, ಮಧ್ಯದಲ್ಲಿ ಆರಿಹೋಗಬಾರದು. ಅಂಥವನು ತಮ್ಮ ಗೋದಾಮಿನಲ್ಲಿ ಇಲ್ಲದಿದ್ದರೆ, ತಾವೇ ಬಂದು ಸಂಗವ್ವನ ಎದುರಿಗೆ ನಿಂತು, ನನಗೆ ಹೇಳಿದಂತೆ ಆಕೆಗೂ ಆಫ್ ಮಾಡಿ ಆನ್ ಮಾಡಲು ಒಮ್ಮೆ ಹೇಳಿ ನೋಡಬೇಕು.

ಇಂತಿ, ಅಸಲಿ ಚಾರ್ಜರಿನ ಒಡೆಯನೂ, ಸದ್ಯ ಮನೆಯಲ್ಲಿ ಯಾರೂ ಮಾತನಾಡಿಸದವನೂ ಆದ,
ತಮ್ಮ ವಿಶ್ವಾಸಿ,
ಶಿವಪುತ್ರ, ಉಮದಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಭರಮಣ್ಣನವರೇ ಅಂಗಡಿಗೆ ಬಂದು, ಯಂತ್ರದ ತಪ್ಪೆಂಬುದೆಲ್ಲ ಸುಳ್ಳು, ನಾನೇ ಬೇಕೆಂದು ಮಾಡಿದ್ದು ಎಂದು ಕೂಗಾಡಿದರು. ಯಂತ್ರವನ್ನೇ ಕೇಳಿ ಎಂದು ನಾನು ತಮ್ಮ ನಂಬರಿಗೆ ಹಚ್ಚಿ ಫೋನನ್ನು ಅವರ ಕೈಗೆ ಕೊಟ್ಟೆ. ತಾವು ಯಾವ ಪ್ರಶ್ನೆಗೂ ಉತ್ತರಿಸದೆ, “ನೀವು ನಮಗೆ ಬಹಳ ಮಹತ್ವದವರು, ನಿಮಗಾದ ತೊಂದರೆಗೆ ಕ್ಷಮೆ ಇರಲಿ, ದಯವಿಟ್ಟು ಕಾಯಿರಿ” ಎಂದು ಮರಾಠಿಯಲ್ಲಿ ಹೇಳಿದ್ದನ್ನೇ ಹೇಳುತ್ತ ಹೋದಿರಿ. ಅವರು ಮೊದಲು ನಿಂತು ಕೇಳಿದರು, ಆಮೇಲೆ ಟೋಪಿ ತೆಗೆದು ಕುರ್ಚಿಯಲ್ಲಿ ಕೂತು ಕೇಳಿದರು, ಕೊನೆಗೆ ಕಣ್ಣೊರೆಸಿಕೊಂಡು, “ಯಾರ ಮನಿ ಮಗಳೋ ಏನೋ, ನೀವು ಮಹತ್ವದವರು ಅಂತ ಎಷ್ಟ ಸಲ ಅಂದ್ಲು ನೋಡ್ರಿ. ತಪ್ಪಾತು ಅಂತನೂ ಅಂದ್ಲು. ನಿಮ್ಮ ಬಾಯಿಂದ ಅದೊಂದ ಮಾತು ಬಂತೇನ್ರಿ?” ಎಂದರು. ಬಂದಿರಲಿಲ್ಲ; ಆಗ ಹೇಳಿದೆ. “ಸೃಷ್ಟಿ ಬೆನ್ನಿಗೆ ನಾನ ನಿಂದ್ರಾಂವ, ರೇವಣ್ಣಗ ಮೊದಲ ಪಂಕ್ತಿ ಊಟ” ಎಂದು ಅವರು ತೀರ್ಪು ಕೊಟ್ಟರು. ಆಮೇಲೆ ಒಂದು ಪತ್ರಿಕೆಯಲ್ಲಿ ರೇವಣ್ಣನ ಹೆಸರು ಹೊಡೆದುಹಾಕಿ, ಭರಮಣ್ಣ ಎಂದು ಪೆನ್ನಿನಲ್ಲಿ ಸ್ವತಃ ದಪ್ಪಗೆ ಬರೆದು, “ಇದನ್ನ ಆ ಹುಡುಗಿಗೆ ಕಳಸ್ರಿ, ಲಗ್ನಕ್ಕ ಬರ್ಲಿ” ಎಂದು ಅಪ್ಪಣೆ ಮಾಡಿದರು. ಆ ಪತ್ರಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಆಯೇರಿ ತರಬೇಡಿ, ಚಾರ್ಜರ್ ತನ್ನಿ.