ಸಾರಿಗೆ ಹೋದ ಗೆಂಡೆಗಳು

ಇಲಾಖೆ: (ಮುಜುಗರದ ಕಾರಣ ಹೆಸರು ನಮೂದಿಸಿಲ್ಲ)
ಕೆ.ಆರ್. ನಗರ ಶಾಖೆ
ಸಂಖ್ಯೆ: ಗೆಂಡೆ/ಉಳಿದದ್ದು/1

ವಿಷಯ: ಹೊಳೆ ಮೀನನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಆರೋಗ್ಯವಾಗಿಡುವ ಹಾಗೂ ಒಲೆಯಿಂದ ದೂರವಿಡುವ ಬಗ್ಗೆ.

ಉಲ್ಲೇಖ: “ಮೀನುಗಳನ್ನು ತಕ್ಷಣ ಸಾರಿಗೆ ಸಿದ್ಧಪಡಿಸತಕ್ಕದ್ದು” ಎಂಬ ಈ ಕಚೇರಿಯ ಹಿಂದಿನ ಜ್ಞಾಪನ.

ದ್ವಿತೀಯ ದರ್ಜೆ ಸಹಾಯಕರಾದ ಶ್ರೀ ಪ್ರಭುಸ್ವಾಮಿ ಅವರು ಮಿರ್ಲೆಯ ನಾಲೆಯಲ್ಲಿ ಟವೆಲ್ ಒಡ್ಡಿ ಹಿಡಿದ ಆರು ಗೆಂಡೆ ಮೀನುಗಳನ್ನು ಮನೆಯಲ್ಲಿ ಮಕ್ಕಳಂತೆ ಸಾಕಿದ್ದರು. ಅವುಗಳನ್ನು ಪ್ರದರ್ಶನಕ್ಕಾಗಿ ಹೆಚ್.ಡಿ. ಕೋಟೆ ಶಾಖೆಗೆ ಜೀಪಿನಲ್ಲಿ ಸಾಗಿಸಲೆಂದು ಸದರಿ ಜ್ಞಾಪನ ಹೊರಟಿತು. ಚಾಲಕ ಶ್ರೀ ಕುಳ್ಳಯ್ಯ ಅದನ್ನು ಓದಿದರು; ಓದಿದ್ದೇ ತಪ್ಪಾಯಿತು. ಶ್ರೀಮತಿ ಮಂಗಳಗೌರಿ ಪ್ರಭುಸ್ವಾಮಿ ಅವರೂ ಓದಿದರು. ಮೀನು ತಿನ್ನದ ಮನೆಯಾದ್ದರಿಂದ ‘ಸಾರಿಗೆ’ ಎಂಬ ಪದಕ್ಕೆ ಎರಡನೇ ಅರ್ಥ ಹೊಳೆಯದೆ ಮೀನಿನ ಬಕೆಟ್ಟನ್ನು ಚಾಲಕರ ಕೈಗಿತ್ತರು. ಐದು ಗೆಂಡೆಗಳು ಅಂದೇ ಕುಳ್ಳಯ್ಯನವರ ಮನೆಯಲ್ಲಿ ಮುದ್ದೆಯ ಪಕ್ಕ ಕರ್ತವ್ಯಕ್ಕೆ ಹಾಜರಾದವು. ಬಾಲ ಕೊಳೆಯುವ ಕಾಯಿಲೆ ತಗುಲಿ, ಬೇರೆ ಬೋಗುಣಿಯಲ್ಲಿ ಉಪ್ಪುನೀರಿನ ಚಿಕಿತ್ಸೆಯಲ್ಲಿದ್ದ ಆರನೆಯದು ಮಾತ್ರ ಉಳಿಯಿತು.

ವಿವರಣೆ ಕೇಳಲಾಗಿ ಸದರಿ ಚಾಲಕರು “ಸಾರಿಗೆ ಅಂತ ನೀವೇ ಬರ್ದಿದ್ರಲ್ಲ ಸಾ! ಗೌರ್ಮೆಂಟ್ ಆರ್ಡ್ರು ಅಂತ ಒಂದ್ ತೊಟ್ಟೂ ಬುಡ್ದಂಗೆ ಉಂಡೀವಿ ಕಣ್ ಸಾ” ಎಂದು ಮೌಖಿಕವಾಗಿ ತಿಳಿಸಿರುತ್ತಾರೆ. ಇದರಲ್ಲಿ ವ್ಯಾಕರಣದೋಷ ಕಂಡುಬಂದಿರುವುದಿಲ್ಲ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಇನ್ನು ಮುಂದೆ ಕಚೇರಿ ಪತ್ರಗಳಲ್ಲಿ ‘ಸಾರಿಗೆ’ ಎಂದು ಕಂಡಲ್ಲಿ ಡೀಸೆಲ್ ವಾಸನೆಯನ್ನು ಗ್ರಹಿಸತಕ್ಕದ್ದು, ಹುಣಸೆಹಣ್ಣಿನದಲ್ಲ.

2. ನಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯತಕ್ಕದ್ದಲ್ಲ. ಔಷಧದ ವಾಸನೆ ಹೋಗುವವರೆಗೆ ಹಂಡೆಯಲ್ಲಿ ಇಟ್ಟಿರತಕ್ಕದ್ದು. ಕಡತಗಳನ್ನು ಇಟ್ಟುಕೊಂಡು ಕೂತು ಅನುಭವವಿರುವ ಸಿಬ್ಬಂದಿಗೆ ಇದು ಕಷ್ಟವಾಗಲಾರದು.

3. ಹೊಳೆ ಮೀನು ಅಂಗಡಿಯ ಒಣ ಕಾಳನ್ನು ಸುಲಭಕ್ಕೆ ಮುಟ್ಟುವುದಿಲ್ಲ. ಎರೆಹುಳು, ಸೊಳ್ಳೆಮರಿ ಒದಗಿಸತಕ್ಕದ್ದು. ಸೊಳ್ಳೆಮರಿ ಕಚೇರಿಯ ಮಾಳಿಗೆ ಮೇಲಿನ ನೀರಿನ ತೊಟ್ಟಿಯಲ್ಲಿ ಯಥೇಚ್ಛವಾಗಿದ್ದು, ಅದನ್ನು ತೊಳೆಯಬೇಕೆಂಬ ಹಿಂದಿನ ಎಲ್ಲ ಆದೇಶಗಳನ್ನು ರದ್ದುಪಡಿಸಲಾಗಿದೆ.

4. ಗೆಂಡೆ ನೆಗೆಯುವ ಮೀನಾದ್ದರಿಂದ ತೊಟ್ಟಿಗೆ ಜಾಲರಿ ಮುಚ್ಚತಕ್ಕದ್ದು. ಜಾಲರಿಯ ಮೇಲೆ ಕೊತ್ತಂಬರಿ ಸೊಪ್ಪು ಇಡುವುದನ್ನು ಜೀವಬೆದರಿಕೆ ಎಂದು ಪರಿಗಣಿಸಲಾಗುವುದು.

5. ತೊಟ್ಟಿಯ ಮುಂದೆ ನಿಂತ ನೆಂಟರು “ಮೈ ತುಂಬ್ಕಂಡದೆ ಕಣ್ಲಾ, ಎಲ್ಡು ಮುದ್ದೆಗಾಯ್ತದೆ” ಎನ್ನುವುದನ್ನು ನಿಷೇಧಿಸಿದೆ. ಹೊಗಳಲೇಬೇಕೆನಿಸಿದರೆ ಬಣ್ಣವನ್ನಷ್ಟೇ ಹೊಗಳತಕ್ಕದ್ದು.

6. ಗೆಂಡೆ ಗುಂಪಿನಲ್ಲಿ ಬಾಳುವ ಜೀವಿ. ಉಳಿದ ಒಂದು, ಬಾಲ ವಾಸಿಯಾದರೂ ಎರೆಹುಳು ಮುಟ್ಟದೆ ಮೂಲೆ ಹಿಡಿದಿದೆ. ಹೀಗೇ ಬಿಟ್ಟರೆ ಸಾಯುತ್ತದೆ. ಶ್ರೀ ಪ್ರಭುಸ್ವಾಮಿ ಅವರೂ ಊಟ ಬಿಟ್ಟಿದ್ದಾರೆ. ಹಿಂದಿನ ಜ್ಞಾಪನವನ್ನು ಟೈಪ್ ಮಾಡಿದವರು ಅವರೇ. ಅವರೇ ಕೈಯಾರೆ ಬರೆದ ಈ ಸುತ್ತೋಲೆಯ ಕರಡಿನಲ್ಲಿ ಇದೇ ಕಂಡಿಕೆಯ ಶಾಯಿ ಕದಡಿದ್ದು, ಅದು ಕಣ್ಣೀರೆಂದು ಇಲಾಖೆ ಒಪ್ಪುತ್ತದೆ.

7. ಆದಕಾರಣ ಸದರಿ ಮೀನಿನ ವರ್ಗಾವಣೆಯನ್ನು ರದ್ದುಪಡಿಸಿದೆ. ಶ್ರೀ ಕುಳ್ಳಯ್ಯ ಅವರು ಅದೇ ನಾಲೆಯಿಂದ ಜೊತೆಗಾರ ಗೆಂಡೆಗಳನ್ನು ಜೀವಸಹಿತ ಹಿಡಿದು ಪ್ರಭುಸ್ವಾಮಿ ಅವರ ಮನೆಗೆ ತಲುಪಿಸತಕ್ಕದ್ದು. ದಾರಿಯಲ್ಲಿ ಸ್ವಂತ ಮನೆ ಎದುರಾದರೂ ಜೀಪು ನಿಲ್ಲಿಸತಕ್ಕದ್ದಲ್ಲ.

(ಸಹಿ)
ಶಾಖಾಧಿಕಾರಿ
(ಹಿಂದಿನದಕ್ಕೂ ಓದದೆ ಸಹಿ ಹಾಕಿದವರು)

ಪ್ರತಿಗಳು:
ಹೆಚ್.ಡಿ. ಕೋಟೆ ಶಾಖೆಗೆ, ಖಾಲಿ ತೊಟ್ಟಿಯನ್ನೇ ಪ್ರದರ್ಶಿಸಲು.
ಶ್ರೀಮತಿ ಮಂಗಳಗೌರಿ ಅವರಿಗೆ, ಪತಿಗೆ ಎರಡು ತುತ್ತು ಉಣಿಸಲು.
ಶ್ರೀ ಕುಳ್ಳಯ್ಯ ಅವರಿಗೆ, ತಾವು ಓದದೆ ಇನ್ನೊಬ್ಬರಿಂದ ಓದಿಸಿಕೊಂಡು ಪಾಲಿಸಲು.
ಅವರ ಪತ್ನಿ ಶ್ರೀಮತಿ ದೊಡ್ಡತಾಯಮ್ಮ ಅವರಿಗೆ, ಗಂಡ ಬಲೆ ಹೊತ್ತು ಹೊರಟ ಸುದ್ದಿ ತಿಳಿದು ಈಗಾಗಲೇ ಅರೆದಿಟ್ಟಿರುವ ಮಸಾಲೆಯನ್ನು ಬದನೆಕಾಯಿಗೆ ವರ್ಗಾಯಿಸಲು.